‘ನಡಿ, ಹೋಗೋಣ’

ನನ್ನ ಮೇಜಿನ ಮೇಲೆ ಒಂದು ಸಣ್ಣ ಬೋರ್ಡು ಇತ್ತು. ‘ಏನೇ ಸಹಾಯ ಬೇಕಿದ್ದರೂ ಬನ್ನಿ’ ಅಂತ ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಬರೆಸಿದ್ದೆ. ನ್ಯೂಜೆರ್ಸಿಯ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ನಾನು ಅಕಾಡೆಮಿಕ್ ಅಡ್ವೈಸರ್. ಯಾವ ಸೆಮಿಸ್ಟರಿಗೆ ಯಾವ ಕೋರ್ಸು ತಗೋಬೇಕು, ಮಾರ್ಕ್ಸ್ ಕಮ್ಮಿ ಬಂದರೆ ಏನು ಮಾಡಬೇಕು, ಫೀಸು ಬಾಕಿಯಾಗಿ ಹೋಲ್ಡ್ ಬಿದ್ದರೆ ಯಾರನ್ನು ಕಾಣಬೇಕು, ಇದನ್ನೆಲ್ಲ ಹೇಳುವುದು ನನ್ನ ಕೆಲಸ. ಕೇಳಿದವರಿಗೆಲ್ಲ ಸರಿಯಾದ ಉತ್ತರವನ್ನೇ ಕೊಡುತ್ತಿದ್ದೆ. ಆದರೆ ನಿಜವಾಗಿ ಕೇಳಬೇಕಾದವರು ನನ್ನ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಒಂದು ಲ್ಯಾಟಿನಾ ಸೊರಾರಿಟಿಯ ಹುಡುಗಿಯರಿಂದ.

ಸೊರಾರಿಟಿ ಅಂದರೆ ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗಿಯರ ಸಂಘ. ಲ್ಯಾಟಿನಾ ಅಂದರೆ ಲ್ಯಾಟಿನ್ ಅಮೆರಿಕ ಮೂಲದವಳು. ದೊಡ್ಡ ಬಂಗಲೆ, ಪಾರ್ಟಿ, ದುಬಾರಿ ಬಟ್ಟೆ ಅಂತ ಸಿನಿಮಾದಲ್ಲಿ ನೋಡಿದ್ದೇ ನನ್ನ ತಲೆಯಲ್ಲೂ ಇತ್ತು. ಲ್ಯಾಟಿನಾ ಸೊರಾರಿಟಿಗಳಲ್ಲಿ ಹೆಚ್ಚಿನವಕ್ಕೆ ಬಂಗಲೆ ಇಲ್ಲ. ನಮ್ಮಲ್ಲಿದ್ದವರು ಒಟ್ಟು ಏಳೇ ಜನ. ಇಂಥ ಸಂಘಗಳಲ್ಲಿ ಮೊದಲನೆಯದಾದ ಲ್ಯಾಂಬ್ಡಾ ಥೀಟಾ ಆಲ್ಫಾ ಶುರುವಾಗಿದ್ದು ನಮ್ಮ ನ್ಯೂಜೆರ್ಸಿಯಲ್ಲೇ. 1975ರ ಡಿಸೆಂಬರಿನಲ್ಲಿ, ಯೂನಿಯನ್ ಊರಿನ ಕೀನ್ ಕಾಲೇಜಿನಲ್ಲಿ 17 ಹುಡುಗಿಯರು ಸೇರಿ ಕಟ್ಟಿದರು. ಪೋರ್ಟೊ ರಿಕೊ, ಕ್ಯೂಬಾ ಕಡೆಯ ಕುಟುಂಬಗಳು ಆಗಲೇ ಈ ರಾಜ್ಯದಲ್ಲಿ ಬಹಳ ಇದ್ದವು. ಆದರೆ ಕಾಲೇಜಿನೊಳಗೆ ಅವರ ಮಕ್ಕಳಿಗೆ ದಾರಿ ತೋರಿಸುವ ಹಿರಿಯರು ಕಮ್ಮಿ. 1980ರಲ್ಲಿ ಇದೇ ರಾಜ್ಯದ ರಟ್ಗರ್ಸ್ ಯೂನಿವರ್ಸಿಟಿಯಲ್ಲಿ ಕೈ ಉಪ್ಸಿಲಾನ್ ಸಿಗ್ಮಾ ಬಂತು. 1990ರಲ್ಲಿ, ಮುಸುಕಿನ ಜೋಳದ ಹೊಲಗಳ ನಾಡಾದ ಅಯೋವಾದ ಯೂನಿವರ್ಸಿಟಿಯಲ್ಲಿ ಐದು ಹುಡುಗಿಯರು ಸಿಗ್ಮಾ ಲ್ಯಾಂಬ್ಡಾ ಗಾಮಾ ಶುರು ಮಾಡಿದರು. ಹೆಸರು ಲ್ಯಾಟಿನಾ ಆದರೂ ಈ ಸಂಘಗಳು ಬೇರೆ ಮೂಲದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತವೆ.

ಇಂಥ ಸಂಘಕ್ಕೆ ಯೂನಿವರ್ಸಿಟಿಯ ಒಬ್ಬ ಸಿಬ್ಬಂದಿ ಸಲಹೆಗಾರರಾಗಿ ಇರಲೇಬೇಕು. ಹಿಂದಿನವರು ನಿವೃತ್ತರಾದಾಗ ನನ್ನನ್ನು ಕೇಳಿದರು. ಕಾಗದಕ್ಕೆ ಸಹಿ ಹಾಕೋದಷ್ಟೇ ಅಲ್ವಾ ಅಂತ ಒಪ್ಪಿಕೊಂಡೆ.

ಅದೇ ಸೆಮಿಸ್ಟರಿನಲ್ಲಿ ಮೊದಲ ವರ್ಷದ ಒಬ್ಬ ಹುಡುಗಿಯನ್ನು ನಾನೇ ಇಮೇಲ್ ಮಾಡಿ ಕರೆಸಿದ್ದೆ. ಕೆಮಿಸ್ಟ್ರಿಯಲ್ಲಿ ಫೇಲಾಗುವ ಹಂತದಲ್ಲಿದ್ದಳು. ಜೊತೆಗೆ ಫೀಸಿನ ಹೋಲ್ಡ್ ಬೇರೆ. ಅದು ಹೋಗದಿದ್ದರೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸುವ ಹಾಗಿಲ್ಲ. ಟ್ಯೂಟರಿಂಗ್ ಸೆಂಟರಿನ ವೇಳಾಪಟ್ಟಿ, ಹಣಕಾಸು ನೆರವಿನ ಕಚೇರಿಯ ಫೋನ್ ನಂಬರು, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ‘ಇನ್ನೇನಾದರೂ ಬೇಕಿದ್ದರೆ ಬಾ’ ಅಂದೆ. ‘ಥ್ಯಾಂಕ್ಯೂ ಮಿಸ್’ ಅಂದಳು. ಇಲ್ಲಿಯ ಲ್ಯಾಟಿನೊ ಮಕ್ಕಳು ನಮ್ಮ ಶಾಲೆಯ ಮಕ್ಕಳ ಹಾಗೇ ‘ಮಿಸ್’ ಅನ್ನುತ್ತಾರೆ, ನನಗೆ ಕೇಳಿದಾಗಲೆಲ್ಲ ಹಾಸನದ ನಮ್ಮ ಶಾಲೆ ನೆನಪಾಗುತ್ತದೆ. ಮೂರು ವಾರ ಬಿಟ್ಟು ನೋಡಿದರೆ ಅವಳು ಎಲ್ಲಿಗೂ ಹೋಗಿರಲಿಲ್ಲ. ಹೋಲ್ಡ್ ಹಾಗೇ ಇತ್ತು. ನನಗೆ ಸ್ವಲ್ಪ ಸಿಟ್ಟೇ ಬಂತು.

ಸೊರಾರಿಟಿಯವರು ಮಂಗಳವಾರ ರಾತ್ರಿ ಲೈಬ್ರರಿಯಲ್ಲಿ ಒಟ್ಟಿಗೆ ಓದುತ್ತಾರೆ. ಬಂದವರು ಹೆಸರು ಬರೆದು, ಫೋನನ್ನು ಒಂದು ಚೀಲಕ್ಕೆ ಹಾಕಿ ಕೂರಬೇಕು. ಒಂದು ರಾತ್ರಿ ಸಹಿಗಾಗಿ ಹೋದಾಗ ಅದೇ ಹುಡುಗಿ ಅಲ್ಲಿ ಕೂತಿದ್ದಳು. ಅವಳಿನ್ನೂ ಸದಸ್ಯೆ ಆಗಿರಲಿಲ್ಲ. ಯಾರೋ ಕರೆದರು ಅಂತ ಬಂದಿದ್ದಳು. ಕೊನೆಯ ವರ್ಷದ ಹುಡುಗಿಯೊಬ್ಬಳು ಅವಳನ್ನು ಮೊದಲು ಕೇಳಿದ್ದು ‘ಯಾ ಕೊಮಿಸ್ತೆ?’ ಅಂತ. ಊಟ ಆಯ್ತಾ? ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಡಬ್ಬಿ ತೆಗೆದಳು. ಅರೋಸ್ ಕೋನ್ ಗಂಡೂಲೆಸ್. ನನಗೂ ಒಂದು ತುತ್ತು ಕೊಟ್ಟಳು. ಬಾಯಿಗಿಟ್ಟರೆ ತೊಗರಿ! ಹಸಿ ತೊಗರಿಕಾಳು ಹಾಕಿದ ಅನ್ನ. ಅವರ ಅಡುಗೆಯಲ್ಲಿ ತೊಗರಿ ಇದೆ ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

ತಿನ್ನುತ್ತಾ ತಿನ್ನುತ್ತಾ ಆ ಹುಡುಗಿ ನನಗೆ ಹೇಳದೆ ಇದ್ದುದನ್ನೆಲ್ಲ ಹೇಳಿದಳು. ನೆರವಿಗೆ ಹಾಕುವ ಫಾಫ್ಸಾ ಅರ್ಜಿ ಪರಿಶೀಲನೆಗೆ ಹೋಗಿತ್ತು. ಅಪ್ಪನ ತೆರಿಗೆ ಕಾಗದ ಕೇಳಿದ್ದರು. ಅಪ್ಪನಿಗೆ ಇಂಗ್ಲಿಷ್ ಬಾರದು. ಚಿಕ್ಕಂದಿನಿಂದ ಮನೆಗೆ ಬರುವ ಪ್ರತಿ ಪತ್ರವನ್ನೂ ಓದಿ ಹೇಳುವವಳು ಇವಳೇ. ಈ ಪತ್ರ ಮಾತ್ರ ಇವಳಿಗೂ ಅರ್ಥ ಆಗಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಲು ನಾಚಿಕೆ.

ಹಿರಿಯವಳು ಉಪದೇಶ ಮಾಡಲಿಲ್ಲ. ‘ನನಗೂ ಇದೇ ಆಗಿತ್ತು. ನಾಳೆ ಒಂಬತ್ತಕ್ಕೆ ಆಫೀಸು ತೆಗೀತಾರೆ. ವಾಮೊಸ್’ ಅಂದಳು. ವಾಮೊಸ್ ಅಂದರೆ ನಡಿ, ಹೋಗೋಣ. ಮಾರನೆಯ ದಿನ ಸಾಲಿನಲ್ಲಿ ಇಬ್ಬರೂ ನಿಂತಿದ್ದರು. ಯಾವ ಕಾಗದ, ಅದನ್ನು ಎಲ್ಲಿಂದ ತರಿಸಬೇಕು ಅನ್ನುವುದು ಹಿರಿಯವಳಿಗೆ ಗೊತ್ತಿತ್ತು. ಹೋಲ್ಡ್ ಹೋಯಿತು. ಟ್ಯೂಟರಿಂಗಿಗೂ ಮೊದಲೆರಡು ಸಲ ಜೊತೆಗೇ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಪಾಡಿಗೆ ತಾನು ಓದಿಕೊಂಡಳಂತೆ.

ನಾನು ಕೊಟ್ಟ ಹಾಳೆಯಲ್ಲಿ ಇದ್ದುದೂ ಅದೇ ಕಚೇರಿ, ಅದೇ ಸೆಂಟರು. ‘ಬೇಕಿದ್ದರೆ ಬಾ’ ಅನ್ನುವಾಗ ಮೊದಲ ಹೆಜ್ಜೆಯ ಭಾರವನ್ನು ಪೂರ್ತಿ ಅವಳ ಮೇಲೇ ಹೊರಿಸಿದ್ದೆ. ಈಗ ಬೋರ್ಡು ತೆಗೆದಿದ್ದೇನೆ. ವಿದ್ಯಾರ್ಥಿ ಎದುರಿಗಿರುವಾಗಲೇ ಫೋನು ಮಾಡುತ್ತೇನೆ. ಇಲ್ಲವೇ ಎದ್ದು ಜೊತೆಗೆ ಹೋಗುತ್ತೇನೆ. ನೆರವಿನ ಕಚೇರಿ ಇರುವುದು ನಾಲ್ಕೇ ನಿಮಿಷದ ದಾರಿ. ಎಲ್ಲರ ಜೊತೆಗೂ ನಡೆಯುವಷ್ಟು ಹೊತ್ತು ಇಲ್ಲ, ಅದು ನಿಜ. ಹಾಗಾಗಿ ಅರ್ಧ ಸೆಮಿಸ್ಟರಿನ ಹೊತ್ತಿಗೆ ಎರಡು ವಿಷಯದಲ್ಲಿ ಹಿಂದೆ ಬಿದ್ದವರನ್ನು ಮೊದಲು ಹಿಡಿಯುತ್ತೇನೆ.

ಸಲಹೆಗಾರಳಾಗಿ ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ಅಕ್ಕತನದ ಹೆಸರಿನಲ್ಲಿ ಹೊಸಬರನ್ನು ಕುಗ್ಗಿಸುವುದು, ಅಂದರೆ ನಮ್ಮ ರ‍್ಯಾಗಿಂಗ್, ಇಲ್ಲಿ ಅಪರಾಧ. ನ್ಯೂಜೆರ್ಸಿ 2021ರಲ್ಲಿ ಆ ಕಾನೂನನ್ನು ಇನ್ನೂ ಕಠಿಣ ಮಾಡಿತು. ಪ್ರತಿ ಸೆಮಿಸ್ಟರಿನಲ್ಲೂ ಅದನ್ನು ಅವರ ಮುಂದೆ ಓದಿ ಹೇಳುತ್ತೇನೆ.

ಮುಂದಿನ ವರ್ಷ ಆ ಹುಡುಗಿ ಸದಸ್ಯೆಯಾದಳು. ಹೊಸಬರನ್ನು ಎಲ್ಲರಿಗೂ ಪರಿಚಯಿಸುವ ರಾತ್ರಿ ನಾಲ್ವರು ಸಾಲಾಗಿ ನಿಂತು, ಮುಂದಿನವಳ ಭುಜದ ಮೇಲೆ ಕೈಯಿಟ್ಟು, ಸಂಘದ ಚರಿತ್ರೆಯನ್ನು ಬಾಯಿಪಾಠ ಒಪ್ಪಿಸಿದರು. ಅವಳ ಅಮ್ಮ ವೇರ್‌ಹೌಸಿನ ಕೆಲಸ ಮುಗಿಸಿ, ಅದೇ ಸಮವಸ್ತ್ರದಲ್ಲಿ ಬಂದಿದ್ದರು. ಕೈಯಲ್ಲಿದ್ದ ಹೂಗುಚ್ಛದ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಇತ್ತು. ಹಿರಿಯವಳು ‘ಎರ್ಮಾನಾ’ ಅಂತ ಕೂಗಿ ಅವಳನ್ನು ತಬ್ಬಿಕೊಂಡಳು. ಅಕ್ಕನಿಗೂ ತಂಗಿಗೂ ಅವರಲ್ಲಿ ಅದೊಂದೇ ಪದ. ನನಗೆ ಇರುವವರು ಇಬ್ಬರು ತಮ್ಮಂದಿರು. ಆ ರಾತ್ರಿ ಯಾಕೋ ಬಹಳ ಹೊತ್ತು ಕಾರಿನಲ್ಲೇ ಕೂತಿದ್ದೆ.

ನಮ್ಮ ವಿಭಾಗದಲ್ಲಿ ಸಹಾಯಕ ನಿರ್ದೇಶಕಿಯ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಲು ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಹುಡುಗಿಯರು ರೆಸ್ಯೂಮೆ ತಿದ್ದುವ ಒಂದು ಸಂಜೆ ಇಟ್ಟುಕೊಂಡಿದ್ದರು. ನನ್ನದನ್ನೂ ಇಸಿದುಕೊಂಡು ಓದಿದರು. ಆ ಕೆಮಿಸ್ಟ್ರಿ ಹುಡುಗಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಕೇಳಿದಳು: ‘ಮಿಸ್, ಎಲ್ಲ ಕಡೆ ನಾವು ಮಾಡಿದೆವು, ನಾವು ಮಾಡಿದೆವು ಅಂತ ಇದೆ. ನೀವು ಮಾಡಿದ್ದು ಯಾವುದು?’ ‘ನಾನು ನಾನು’ ಅನ್ನಬಾರದು ಅಂತ ಕಲಿಸಿದ ಮನೆಯಲ್ಲಿ ಬೆಳೆದವಳು ನಾನು. ಆ ಹಾಳೆಯಲ್ಲಿ ಹನ್ನೊಂದು ಕಡೆ ‘ನಾವು’ ಇತ್ತು. ಒಂಬತ್ತು ಕಡೆ ‘ನಾನು’ ಅಂತ ತಿದ್ದಿದೆ. ಎರಡನ್ನು ಹಾಗೇ ಬಿಟ್ಟೆ, ಅವು ನಿಜಕ್ಕೂ ‘ನಾವು’.

ಸಂದರ್ಶನದ ಬೆಳಿಗ್ಗೆ ನನ್ನ ಬಾಗಿಲ ಹತ್ತಿರ ಅವಳು ಕಾಫಿ ಹಿಡಿದು ನಿಂತಿದ್ದಳು. ನಿನಗೆ ಕ್ಲಾಸಿಲ್ವಾ ಅಂದೆ. ಇನ್ನೂ ಅರ್ಧ ಗಂಟೆ ಇದೆ ಅಂದಳು. ‘ವಾಮೊಸ್, ಮಿಸ್.’ ಮೂರನೇ ಮಹಡಿಯವರೆಗೂ ಬಂದಳು.