ಗೇರ್‌ಬಾಕ್ಸ್ ಇಳಿಸಬೇಕು ಅಂತ ಬರೆದಿದ್ದೆ

ನಮ್ಮ ಕಾರ್ ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿ, ಅಂದರೆ ಒಂದೊಂದು ಕಾರಿಗೂ ಏನು ಕೆಲಸ ಅಂತ ಬರೆಯುವ ಚೀಟಿಯಲ್ಲಿ, ನಾನು ಬರೆದಿದ್ದು ಮೂರು ಸಾಲು. ‘ಎರಡರಿಂದ ಮೂರಕ್ಕೆ ಹಾಕುವಾಗ ಜರ್ಕ್. ಸಿಂಕ್ರೊ ವೀಕ್, ಗೇರ್‌ಬಾಕ್ಸ್ ಇಳಿಸಬೇಕು. ಡಿಕ್ಕಿ ಕಡೆಯಿಂದ ಡುಬ್ ಡುಬ್ ಶಬ್ದ, ಹಿಂದಿನ ಸಸ್ಪೆನ್ಷನ್ ನೋಡಬೇಕು.’ ಕೆಳಗೆ ನನ್ನ ಸಹಿ. ಸಿಂಕ್ರೊ ಅಂದರೆ ಗೇರ್ ಬೀಳುವ ಮೊದಲು ಒಳಗಿನ ವೇಗ ಹೊಂದಿಸುವ ರಿಂಗು. ಆ ಕಾರ್ಡಿನ ಫೋಟೊ ನಮ್ಮ ಫ್ಲೋರ್ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಆಗಾಗ ತೇಲಿ ಬರುತ್ತದೆ. ನಾನು ಯಾರಿಗಾದರೂ ಬುದ್ಧಿ ಹೇಳಿದ ದಿನವಂತೂ ಖಂಡಿತ.

ಕಾರು 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಹಾರ್ಸ್‌ಪವರ್, ಐದು ಗೇರಿನ ಮ್ಯಾನ್ಯುವಲ್. ಓನರ್ ಅರವತ್ತು ದಾಟಿದ ಮೇಡಂ, ಬನಶಂಕರಿಯವರು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ರಿನೀವಲ್, ಹಸಿರು ತೆರಿಗೆ ಎಲ್ಲ ಕಟ್ಟಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿಗೆ ಬಂದಿದ್ದು ಕ್ಲಚ್ ಓವರ್‌ಹಾಲ್‌ಗೆ. ಗೇರಿನ ಬಗ್ಗೆ ಅವರ ಕಂಪ್ಲೇಂಟ್ ಏನೂ ಇರಲಿಲ್ಲ. ಇದನ್ನು ಆಗಲೇ ಗಮನಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕ್ಲಚ್ಚಿನ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು ಹಾಕಿ ನಮ್ಮ ಮೆಕ್ಯಾನಿಕ್ ಭಾಯ್ ಕಾರನ್ನು ರಿಪೇರಿ ಬೇ ಇಂದ ಇಳಿಸಿದರು. ಕೆಲಸ ಸರಿಯಾಗಿದೆಯಾ ಅಂತ ಓಡಿಸಿ ನೋಡುವ ಕ್ಯೂಸಿ ಟ್ರಯಲ್‌ಗೆ ನಾನು ಹೋದೆ. ನಮ್ಮ ಆ್ಯಪ್ ಪ್ರಕಾರ ಟ್ರಯಲ್‌ಗೆ ಹದಿನೈದು ನಿಮಿಷ. ಹದಿನಾರಾದರೆ ಕೆಂಪು ಬಣ್ಣ. ನೈಸ್ ರೋಡಿಗೆ ಹೋದರೆ ಟೋಲ್ ರಸೀದಿ ಅಕೌಂಟ್ಸ್‌ನಲ್ಲಿ ಎರಡು ತಿಂಗಳು ಕೊಳೆಯುತ್ತದೆ. ಹಾಗಾಗಿ ನಾವೆಲ್ಲ ಕೆಂಗೇರಿ ಒಳರಸ್ತೆಯಲ್ಲೇ ಒಂದು ಸುತ್ತು ಹೊಡೆದು ಬರುತ್ತೇವೆ. ಮೂರನೇ ಗೇರ್ ಬಿದ್ದರೆ ಅದೇ ಹಬ್ಬ.

ಆ ಸುತ್ತಿನಲ್ಲಿ ಎರಡರಿಂದ ಮೂರಕ್ಕೆ ಹಾಕಿದಾಗಲೆಲ್ಲ ಕಾರು ಮುಂದಕ್ಕೆ ತಳ್ಳಿದ ಹಾಗಾಯಿತು. ಹಿಂದಿನಿಂದ ಡುಬ್. ಒಂದು ಸಲ ಮೂರಕ್ಕೆ ಹೋಗುವಾಗ ಕರ್ ಅಂತು. ವಾಪಸ್ ಬಂದವನೇ ಬರೆದೆ. ಫ್ಲೋರ್ ಇನ್‌ಚಾರ್ಜ್ ಮುಖ ಅರಳಿತು. ತಿಂಗಳ ಕೊನೆ, ಟಾರ್ಗೆಟ್ ಬಾಕಿ ಇತ್ತು. 68,000ದ ಎಸ್ಟಿಮೇಟ್ ಹತ್ತು ನಿಮಿಷದಲ್ಲಿ ಮೇಡಂ ಮೊಬೈಲಿಗೆ ಹೋಯಿತು.

ಭಾಯ್ ಮಾತ್ರ ಕಾರ್ಡ್ ಓದಿ, ‘ಗೇರ್‌ಬಾಕ್ಸ್ ನಾನೇ ಇಳಿಸಿ ಏರಿಸಿದ್ದು ಸಾರ್, ಅದರಲ್ಲಿ ಏನೂ ಇಲ್ಲ’ ಅಂದರು. ನಾನು ಕೇಳಲಿಲ್ಲ. ಹನ್ನೊಂದು ವರ್ಷದ ಸರ್ವಿಸ್, ಸಾವಿರಾರು ಟ್ರಯಲ್. ನನ್ನ ಕೈಗೆ ಗೊತ್ತಾಗಲ್ವಾ ಅಂತ ಧಿಮಾಕು.

ಮೇಡಂ ಅಪ್ರೂವ್ ಮಾಡಲಿಲ್ಲ. ಮಾರನೇ ದಿನ ಆಟೊ ಹತ್ತಿ ಖುದ್ದು ಬಂದರು. ‘ನಾನು ತಂದು ಬಿಟ್ಟಾಗ ಇದ್ಯಾವುದೂ ಇರಲಿಲ್ಲ. ಎಲ್ಲಿ, ನೀವೇ ಓಡಿಸಿ ತೋರಿಸಿ’ ಅಂದರು. ತೋರಿಸೋಣ ಅಂತ ನೈಸ್ ರೋಡಿಗೇ ಹೊರಟೆ. ಟೋಲ್ ನನ್ನ ಜೇಬಿನಿಂದ.

ಮೈಸೂರು ರಸ್ತೆ ಟೋಲ್ ದಾಟಿ ಕನಕಪುರ ರಸ್ತೆ ಕಡೆ ಎಳೆದೆ. ಎರಡನೇ ಗೇರಿನಲ್ಲಿ ನಾಲ್ಕು ಸಾವಿರ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಟಕ್ ಅಂತ ಮೂರು. ಕಾರು ಜಗ್ಗಿತು. ಹಿಂದೆ ಡುಬ್. ‘ಕೇಳಿಸ್ತಾ ಮೇಡಂ?’ ಅಂದೆ. ಅವರು ರಸ್ತೆ ನೋಡುತ್ತಲೇ ಇರಲಿಲ್ಲ. ನನ್ನ ಎಡಗೈ ನೋಡುತ್ತಿದ್ದರು. ಮತ್ತೆ ಮೂರರಿಂದ ನಾಲ್ಕು, ಡುಬ್. ನಾಲ್ಕರಿಂದ ಐದು, ಡುಬ್. ನನಗೆ ಒಳಗೊಳಗೆ ಖುಷಿ. ಕಾರು ನನ್ನ ಪರ ಸಾಕ್ಷಿ ಹೇಳುತ್ತಿದೆ ಅನ್ನಿಸಿತು.

ಐದರಲ್ಲಿ ಸುಮಾರು 90ರಲ್ಲಿದ್ದೆವು. ಮುಂದೆ ಏರಿನಲ್ಲಿ ಜಲ್ಲಿ ಲಾರಿ ತೆವಳುತ್ತಿತ್ತು. ಓವರ್‌ಟೇಕ್ ಮಾಡಲು ನಾಲ್ಕಕ್ಕೆ ಇಳಿಸಬೇಕು. ಜೊತೆಗೆ ಸ್ವಲ್ಪ ಸ್ಟೈಲ್ ತೋರಿಸುವ ಆಸೆ. ಗೇರ್ ರಾಡನ್ನು ಮುಷ್ಟಿಯಲ್ಲಿ ಹಿಡಿದು ಎಡಕ್ಕೆ ದಬ್ಬಿ ಕೆಳಕ್ಕೆ ಎಳೆದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಕ್ಲಚ್ ಬಿಟ್ಟೆ.

ಅದು ನಾಲ್ಕಲ್ಲ, ಎರಡು.

ಇಂಜಿನ್ ಅರಚಿತು. ಮೀಟರ್ ಮುಳ್ಳು ಆರು ಸಾವಿರ ದಾಟಿತು. ಮೂತಿ ನೆಲಕ್ಕೆ ಬಗ್ಗಿ ಮುಂದಿನ ಟೈರು ಕಿರ್ರ್ ಅಂದವು. ಹಿಂದಿನಿಂದ ಏನೋ ಉರುಳಿ ಬಂದು ಸೀಟಿನ ಬೆನ್ನಿಗೆ ಧಡಾರ್ ಅಂತ ಗುದ್ದಿತು. ನನ್ನ ಎಡಗಾಲು ತಾನೇ ಕ್ಲಚ್ಚನ್ನು ಮತ್ತೆ ತುಳಿಯಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ನ್ಯೂಟ್ರಲ್‌ನಲ್ಲಿ ತೇಲಿಕೊಂಡು ಎಡಕ್ಕೆ ಬಂದು ನಿಲ್ಲಿಸಿದೆ. ಇಂಜಿನ್ ಐಡಲ್‌ಗೆ ಬಂತು. ನಾನು ಉಸಿರು ಹಿಡಿದು ಕೇಳಿದೆ. ಟಪ್ಪೆಟ್ ಶಬ್ದ ಇದೆಯಾ? ಮಿಸ್‌ಫೈರ್? ಚೆಕ್ ಲೈಟ್? ಏನೂ ಇಲ್ಲ. ಹಜಾರ್ಡ್ ಲೈಟಿನ ಟಿಕ್ ಟಿಕ್ ಬಿಟ್ಟರೆ ಕಾರಿನೊಳಗೆ ಮಾತಿಲ್ಲ.

ತಮಾಷೆ ಅಂದರೆ ಕಸ್ಟಮರ್‌ಗಳಿಗೆ ಇದನ್ನೇ ನಾನು ಪಾಠ ಮಾಡುತ್ತಿದ್ದೆ. ಆಕ್ಸಿಲರೇಟರ್ ತುಳಿದು ರೇಸ್ ಮಾಡಿದರೆ ಇಂಜಿನ್ ಮಿತಿ ಮೀರಿ ತಿರುಗದಂತೆ ರೆವ್ ಲಿಮಿಟರ್ ಕಾಪಾಡುತ್ತೆ ಸಾರ್, ತಪ್ಪು ಗೇರ್ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ಓಡಿಸುತ್ತವೆ, ಆಗ ಯಾವ ಲಿಮಿಟರೂ ಏನೂ ಮಾಡಲಾಗದು, ವಾಲ್ವ್ ಪಿಸ್ಟನ್‌ಗೆ ಬಡಿದರೆ ಹೆಡ್ ಬಿಚ್ಚಬೇಕು ಅಂತ. ಈಗ ಕಸ್ಟಮರ್ ಪಕ್ಕದಲ್ಲೇ, ಅವರ ಕಾರಿನಲ್ಲೇ.

ಸಾರಿ ಹೇಳಲು ಬಾಯಿ ತೆರೆದೆ. ‘ಇಳಿಯಪ್ಪಾ’ ಅಂದರು. ಅಲ್ಲಿಯವರೆಗೆ ನೀವು ಅನ್ನುತ್ತಿದ್ದವರು ಅಲ್ಲಿಂದ ನೀನು ಅಂದರು. ಸೀಟು ಮುಂದಕ್ಕೆ ಎಳೆದುಕೊಂಡರು. ಕ್ಲಚ್ಚನ್ನು ಎರಡು ಸಲ ತುಳಿದು ನೋಡಿ, ‘ಈಗ ಕೆಳಗೇ ಹಿಡಿಯುತ್ತಲ್ಲ, ಚೆನ್ನಾಗಿದೆ’ ಅಂದರು. ಹೊಸ ಕ್ಲಚ್ಚಿನ ಬಗ್ಗೆ ಬಂದ ಫೀಡ್‌ಬ್ಯಾಕ್ ಅಷ್ಟೇ.

ಆಮೇಲೆ ಹೊರಟರು. ಎರಡು. ಮೂರು. ನಾಲ್ಕು. ಜರ್ಕ್ ಇಲ್ಲ. ಡುಬ್ ಇಲ್ಲ. ನಾನು ಕಿವಿ ಹಿಂದಕ್ಕೆ ಇಟ್ಟುಕೊಂಡು ಕಾದೆ. ಇಲ್ಲವೇ ಇಲ್ಲ.

ಅವರ ಕೈ ನೋಡಿದೆ. ರಾಡನ್ನು ಹಿಡಿಯುತ್ತಲೇ ಇರಲಿಲ್ಲ. ಎರಡರಿಂದ ಮೂರಕ್ಕೆ ಅಂಗೈ ತೆರೆದು ಮೇಲಕ್ಕೆ ತಳ್ಳುತ್ತಿದ್ದರು. ನ್ಯೂಟ್ರಲ್‌ನಲ್ಲಿ ರಾಡ್ ಸ್ಪ್ರಿಂಗ್ ಎಳೆತಕ್ಕೆ ತಾನಾಗಿ ಮಧ್ಯಕ್ಕೆ, ಮೂರು-ನಾಲ್ಕರ ಸಾಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಬಿಟ್ಟು ಮತ್ತೆ ಮೇಲಕ್ಕೆ. ಐದರಿಂದ ನಾಲ್ಕಕ್ಕೂ ಅಷ್ಟೇ. ಎಡಕ್ಕೆ ದಬ್ಬುವ ಕೆಲಸವೇ ಇಲ್ಲ, ಕೆಳಕ್ಕೆ ಎಳೆದರೆ ಸಾಕು. ಸ್ಪ್ರಿಂಗ್ ಮಾಡುವ ಕೆಲಸವನ್ನು ನಾನು ಮುಷ್ಟಿಯಿಂದ ಮಾಡಲು ಹೋಗಿ ಎರಡರ ಸಾಲಿಗೆ ಬಿದ್ದಿದ್ದೆ.

ಆ ಚೂರು ಹೊತ್ತು ಬಿಡುವುದೇ ಜರ್ಕಿಗೂ ಮದ್ದು. ಎರಡರಲ್ಲಿ ನಾಲ್ಕು ಸಾವಿರದಲ್ಲಿದ್ದ ಇಂಜಿನ್, ಅದೇ ವೇಗದಲ್ಲಿ ಮೂರಕ್ಕೆ ಬಂದರೆ 2,600ರ ಆಸುಪಾಸಿಗೆ ಇಳಿಯಬೇಕು. ನಾನು ಕಲಿತದ್ದು 800 ಸಿಸಿ ಕಾರಿನಲ್ಲಿ. ಅದರಲ್ಲಿ ಕಾಲು ಎತ್ತಿದರೆ ಆರ್‌ಪಿಎಂ ದೊಪ್ಪನೆ ಬೀಳುತ್ತದೆ, ಎಷ್ಟು ಬೇಗ ಹಾಕಿದರೂ ನಡೆಯುತ್ತದೆ. ಈ ಟರ್ಬೊ ಇಂಜಿನ್ನಿನ ಜೊತೆ ತಿರುಗುವ ಚಕ್ರ, ಫ್ಲೈವೀಲ್, ಭಾರ; ಆರ್‌ಪಿಎಂ ನಿಧಾನಕ್ಕೆ ಇಳಿಯುತ್ತದೆ. ಇಳಿಯುವ ಮೊದಲೇ ನಾನು ಕ್ಲಚ್ ಬಿಡುತ್ತಿದ್ದೆ. ಉಳಿದ ವೇಗ ಕಾರನ್ನು ಮುಂದಕ್ಕೆ ತಳ್ಳುತ್ತಿತ್ತು. ತುಂಬ ಹೊತ್ತು ಕಾದರೂ ತಪ್ಪೇ, ಆಗ ಕಾರು ಹಿಂದಕ್ಕೆ ಹಿಡಿದ ಹಾಗಾಗುತ್ತದೆ. ಇನ್ನು ಆ ಕರ್ ಶಬ್ದ? ಕ್ಲಚ್ ಪೂರ್ತಿ ಕೆಳಗೆ ಹೋಗುವ ಮೊದಲೇ ರಾಡ್ ಎಳೆದಿದ್ದೆ, ಅಷ್ಟೇ.

ಇಳಿಸುವಾಗ ಮೇಡಂ ಕ್ಲಚ್ ಒಳಗಿರುವಾಗಲೇ ಆಕ್ಸಿಲರೇಟರ್‌ಗೆ ಸಣ್ಣದೊಂದು ಏಟು ಕೊಡುತ್ತಿದ್ದರು. ಬುರ್ ಅಂತ ಆರ್‌ಪಿಎಂ ಮೇಲೆದ್ದು ಕೆಳಗಿನ ಗೇರಿಗೆ ಸರಿಹೋಗುತ್ತಿತ್ತು. ನಾನು ಕ್ಲಚ್ಚನ್ನು ಮೆಲ್ಲಗೆ ಬಿಟ್ಟು ಎಳೆಸುತ್ತೇನೆ, ಅದೇ ಸ್ಮೂತ್ ಅಂದುಕೊಂಡಿದ್ದೆ. ಹಾಗೇ ಹೇಳಿದೆ ಕೂಡ. ‘ಅದಕ್ಕೇ ನಿಮ್ಮ ವ್ಯಾಪಾರ ನಡೆಯೋದು. ಪ್ಲೇಟ್ ಸವೆಸಿ ಯಾಕಪ್ಪಾ ವೇಗ ಹೊಂದಿಸಬೇಕು, ಪೆಟ್ರೋಲ್ ಇಲ್ವಾ?’ ಅಂದರು. ಅವರ ಹಳೇ ಕ್ಲಚ್ ಎಷ್ಟು ಕಿಲೋಮೀಟರ್ ಬಾಳಿದೆ ಅಂತ ಆಗ ನೆನಪಾಯಿತು. 1,32,000.

ವರ್ಕ್‌ಶಾಪಿಗೆ ಬಂದು ಡಿಕ್ಕಿ ತೆಗೆದರು. ಒಳಗೆ ಜುಟ್ಟು ಇರುವ ಒಂದು ತೆಂಗಿನಕಾಯಿ. ತಿಪಟೂರಿನ ತೋಟದ್ದಂತೆ, ಚೀಲದಿಂದ ಜಾರಿ ಉಳಿದುಹೋಗಿತ್ತು. ನನ್ನ ಸಸ್ಪೆನ್ಷನ್ ಶಬ್ದ. ಕಾರು ಒಳಗೆ ಬಂದಾಗ ಮಾಡುವ ಇನ್‌ವರ್ಡ್ ಚೆಕ್‌ನಲ್ಲಿ ಡಿಕ್ಕಿ ನೋಡಿದವರು ಯಾರು ಅಂತ ಇನ್‌ಚಾರ್ಜ್ ಕೂಗಾಡಿದರು. ನೋಡಿದ್ದ ಹುಡುಗ ತಣ್ಣಗೆ ಟ್ಯಾಬ್ ತೋರಿಸಿದ. ಜ್ಯಾಕ್, ಸ್ಪ್ಯಾನರ್, ಸ್ಟೆಪ್ನಿ, ಮೂರಕ್ಕೂ ಟಿಕ್. ‘ಇತರೆ’ ಅನ್ನುವ ಜಾಗವೇ ಆ್ಯಪಿನಲ್ಲಿ ಇಲ್ಲ.

ಎಸ್ಟಿಮೇಟ್ ಕ್ಯಾನ್ಸಲ್ ಆಯಿತು. ನೈಸ್ ರೋಡಿನಲ್ಲಿ ಆದದ್ದನ್ನು ನಾನೇ ಕಾರ್ಡಿನಲ್ಲಿ ಬರೆದು, ವಾಲ್ವಿಗೆ ಏಟಾಗಿದೆಯಾ ಅಂತ ಕಂಪ್ರೆಷನ್ ಟೆಸ್ಟ್ ಮಾಡಿಸಿದೆ, ನಾಲ್ಕೂ ಸಿಲಿಂಡರ್ ಸಮ ಇದ್ದವು. ಗೇಜ್ ಬಿಚ್ಚುತ್ತ ಭಾಯ್ ಒಂದೇ ಮಾತು ಕೇಳಿದರು. ‘ಸಿಂಕ್ರೊ ವೀಕ್ ಇದ್ದಿದ್ರೆ 90ರಲ್ಲಿ ಎರಡನೇ ಗೇರು ಒಳಗೆ ಬಿಡ್ತಿತ್ತಾ ಸಾರ್?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಮೇಡಂ ಹೋಗುವಾಗ ಕಾಯಿಯನ್ನು ನನ್ನ ಟೇಬಲ್ ಮೇಲೆ ಇಟ್ಟು ಹೋದರು. ನಾನು ಮನೆಗೆ ಒಯ್ಯಲಿಲ್ಲ. ಮ್ಯಾನ್ಯುವಲ್ ಕಾರಿನ ಟ್ರಯಲ್‌ಗೆ ಹೊರಟಾಗೆಲ್ಲ ಡಿಕ್ಕಿಯಲ್ಲಿ ಹಾಕಿಕೊಳ್ಳತೊಡಗಿದೆ. ಮೊದಲ ವಾರ ಡುಬ್ ಡುಬ್ ಕೇಳಿ ಕೇಳಿ ಮಾನ ಹೋಯಿತು. ಮೂರನೇ ವಾರದ ಹೊತ್ತಿಗೆ ಅಪರೂಪವಾಯಿತು. ಆಟೊಮ್ಯಾಟಿಕ್ ಬಿಟ್ಟು ಬೇರೆ ಓಡಿಸದ ಹೊಸ ಹುಡುಗರಿಗೂ ಈಗ ಅದನ್ನೇ ಕೊಡುತ್ತೇನೆ.

ಕಳೆದ ತಿಂಗಳು ಫೈವ್ ಎಸ್ ಆಡಿಟ್ ಬಂತು, ವರ್ಕ್‌ಶಾಪ್ ಅಚ್ಚುಕಟ್ಟಾಗಿದೆಯಾ ಅಂತ ನೋಡುವ ತಪಾಸಣೆ. ಟೂಲ್ ರ‍್ಯಾಕಿನಲ್ಲಿ ಟಾರ್ಕ್ ರೆಂಚ್ ಪಕ್ಕ ಇದೇನು ಅಂತ ಕೇಳಿದರು. ರ‍್ಯಾಕಿನಲ್ಲಿರುವುದೆಲ್ಲ ರಿಜಿಸ್ಟರ್‌ನಲ್ಲಿ ಇರಲೇಬೇಕಂತೆ. ಸರಿ, ಸೇರಿಸಿದೆ. ‘ತೆಂಗಿನಕಾಯಿ, ಸಂಖ್ಯೆ 1.’ ಕ್ಯಾಲಿಬ್ರೇಷನ್ ಡ್ಯೂ ಅನ್ನುವ ಕಾಲಮ್ಮು ಖಾಲಿ ಬಿಡುವಂತಿಲ್ಲ ಅಂದರು. ಮುಂದಿನ ಅಮಾವಾಸ್ಯೆ ಅಂತ ಬರೆದೆ. ಅವತ್ತು ಪೂಜೆಗೆ ಅದನ್ನು ಒಡೆದು ಹೊಸದು ಇಡುತ್ತೇವೆ.