ಇಷ್ಟುದ್ದ ಫೋಟೋದಲ್ಲಿ ಯಾರನ್ನು ನೋಡಬೇಕು?

ನನ್ನ ಬೀದಿ ಫೋಟೋಗಳನ್ನು ನೋಡಿದವರು ಕೇಳುವುದು ಇದನ್ನೇ: "ಇಷ್ಟುದ್ದ ಫೋಟೋದಲ್ಲಿ ಯಾರನ್ನು ನೋಡಬೇಕು? ಮೊಬೈಲಿನಲ್ಲೇ ಪನೋರಮಾ ಇದೆಯಲ್ಲ ಮಾರಾಯ್ರೆ, ಫಿಲ್ಮ್ ಯಾಕೆ?"

ಮೊಬೈಲಿನ ವಿಷಯ ಮೊದಲು ಮುಗಿಸುತ್ತೇನೆ. ಅದು ಪನೋರಮಾ ಮಾಡುವುದು ತುಣುಕುಗಳನ್ನು ಹೊಲಿದು. ಕಡಲಿಗೆ, ಗುಡ್ಡಕ್ಕೆ ಸಾಕು. ಬೀದಿಯಲ್ಲಿ ನಡೆಯುವವರ ಕಾಲು ತುಂಡಾಗುತ್ತದೆ, ಒಬ್ಬರೇ ಎರಡು ಸಲ ಬರುತ್ತಾರೆ. ನನ್ನ ಹ್ಯಾಸಲ್‌ಬ್ಲಾಡ್ ಎಕ್ಸ್‌ಪ್ಯಾನ್, 1998ರಲ್ಲಿ ಫ್ಯೂಜಿಫಿಲ್ಮ್ ಜೊತೆ ಸೇರಿ ಹ್ಯಾಸಲ್‌ಬ್ಲಾಡ್ ಕಂಪನಿ ಹೊರತಂದ ಫಿಲ್ಮ್ ಕ್ಯಾಮೆರಾ, ಮಾಮೂಲಿ 35 ಎಂಎಂ ರೋಲಿನ ಮೇಲೆ 65 ಮಿ.ಮೀ. ಅಗಲದ ಚಿತ್ರವನ್ನು ಒಂದೇ ಕ್ಲಿಕ್ಕಿಗೆ ಮೂಡಿಸುತ್ತದೆ. ಮಾಮೂಲಿಯಾಗಿ 36 ಚಿತ್ರ ಬರುವ ರೋಲಿಗೆ ಇದರಲ್ಲಿ 21 ಚಿತ್ರ. ಲೆನ್ಸೇ ತಿರುಗುವ ವೈಡ್‌ಲಕ್ಸ್, ಹೊರೈಜನ್‌ ಕ್ಯಾಮೆರಾಗಳ ಜಾತಿ ಬೇರೆ. ಅವುಗಳಲ್ಲಿ ನೇರ ರಸ್ತೆಯೂ ಬಾಗುತ್ತದೆ.

ಇನ್ನು ಯಾರನ್ನು ನೋಡಬೇಕೆಂಬುದು. ಮಂಗಳೂರಿನ ಬಂದರು ದಕ್ಕೆಯಲ್ಲಿ, ಅಂದರೆ ಬೋಟುಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ತೆಗೆದ ಒಂದು ಚಿತ್ರ ನನ್ನ ಬಳಿ ಇದೆ. ಎಡ ಅಂಚಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿಯನ್ನು ಸೊಂಟಕ್ಕೊತ್ತಿ, ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಾರೆ. ಮಧ್ಯೆ ಯಾರೂ ಇಲ್ಲ: ಒದ್ದೆ ನೆಲ, ಚೆಲ್ಲಿದ ಐಸ್ ಪುಡಿ, ಒಂದು ಹಗ್ಗ. ಹಗ್ಗದ ಜಾಡು ಹಿಡಿದು ಹೋದರೆ ಬಲ ಅಂಚಿನಲ್ಲಿ ಬೋಟಿನ ಹುಡುಗ. ಬಲೆಯ ರಾಶಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಾನೆ. ಅವರ ದಿನ ಈಗ ಶುರು, ಇವನದು ಈಗಷ್ಟೇ ಮುಗಿದಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ನನ್ನನ್ನೂ ನೋಡಿಲ್ಲ. ಮಾಮೂಲಿ ಚೌಕಟ್ಟಾಗಿದ್ದರೆ ಒಬ್ಬರನ್ನು ಬಿಡಬೇಕಿತ್ತು, ಇಲ್ಲವೇ ಹಿಂದೆ ಸರಿದು ಇಬ್ಬರನ್ನೂ ಸಣ್ಣ ಮಾಡಬೇಕಿತ್ತು. ಇಲ್ಲಿ ಇಬ್ಬರೂ ಮುಖ್ಯ, ನಡುವಿನ ಖಾಲಿ ನೆಲವೂ ಮುಖ್ಯ. ಜನ ಆ ಖಾಲಿ ಜಾಗವನ್ನು ದಾಟಿ ಹೋಗುತ್ತಾರೆ. ನನಗಂತೂ ಅತಿ ಇಷ್ಟದ್ದು ಅದೇ.

ಇಂಥದ್ದು ಸಿಗಬೇಕಾದರೆ ಫೋಕಸ್ ಮಾಡುತ್ತ ನಿಲ್ಲಬಾರದು. 45 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿ, ಫೋಕಸನ್ನು ಮೂರು ಮೀಟರಿಗೆ ಮೊದಲೇ ಇಟ್ಟರೆ ಎರಡರಿಂದ ಐದು ಮೀಟರಿನವರೆಗೆ ಎಲ್ಲ ಸ್ಪಷ್ಟ. ತಡಮಾಡಿದರೆ ಹುಡುಗ ಎದ್ದು ಕೂತು ನಗುತ್ತಾನೆ.

ಉಡುಪಿಯ ರಥಬೀದಿಯಲ್ಲಿ ಹಗಲು ತೇರೆಳೆಯುವ ಚೂರ್ಣೋತ್ಸವದ ದಿನ ಎಲ್ಲರ ಕ್ಯಾಮೆರಾ ತೇರಿನ ತುದಿಗೆ. ನನ್ನದರ ಚೌಕಟ್ಟಿಗೆ ಆ ಎತ್ತರವಿಲ್ಲ. ಗಾಲಿ, ಹಗ್ಗ, ಹಗ್ಗ ಹಿಡಿದ ಕೈಗಳ ಸಾಲು ಸಿಗುತ್ತದೆ. ಒಬ್ಬೊಬ್ಬರ ಹಿಡಿತ ಒಂದೊಂದು ಥರ.

ಮೊಬೈಲಿನ ಪರದೆಯಲ್ಲಿ ಇವೆಲ್ಲ ಬೆರಳಗಲದ ಪಟ್ಟಿಯಾಗುತ್ತವೆ, ಹುಡುಗನ ತೆರೆದ ಬಾಯಿ ಕಾಣುವುದೇ ಇಲ್ಲ. 10 ಇಂಚು ಎತ್ತರ, 27 ಇಂಚು ಅಗಲದ ಪ್ರಿಂಟ್ ಮನೆಯಲ್ಲಿದೆ, ಬನ್ನಿ. ಮೊದಲು ಎರಡು ಅಂಚು ನೋಡಿ, ಆಮೇಲೆ ಮಧ್ಯಕ್ಕೆ ಬನ್ನಿ.