ಅರ್ಧ ಬಂಡೆ, ಅರ್ಧ ಖಣಿ: ಸೈಟ್ ಕ್ಲಾಸ್ ಯಾವುದು?

ವಿಜಯಪುರದ ಸೋಲಾಪುರ ರಸ್ತೆ ಕಡೆಯ ಒಂದು ಪ್ಲಾಟಿನ ಮಣ್ಣಿನ ವರದಿ ಈ ವಾರ ನನ್ನ ಮೇಜಿಗೆ ಬಂತು. ನಾಲ್ಕು ಮಹಡಿಯ ಹಾಸ್ಟೆಲ್. ಭೂಕಂಪದ ಲೆಕ್ಕಕ್ಕೆ ಅದರಡಿಯ ನೆಲ ಎಷ್ಟು ಗಟ್ಟಿ ಎಂದು ದರ್ಜೆ ಹಚ್ಚಬೇಕು; ಅದೇ ಸೈಟ್ ಕ್ಲಾಸ್, ಗಟ್ಟಿ ನೆಲ ಟೈಪ್ 1, ಮೆತ್ತನೆಯದು ಟೈಪ್ 3. ಪೂರ್ವದ ಅರ್ಧದಲ್ಲಿ ಮೊಣಕಾಲುದ್ದ ಅಗೆದರೆ ಕರಿಕಲ್ಲು. ಪಶ್ಚಿಮದ್ದು ಹಳೇ ಕಲ್ಲಿನ ಖಣಿ. ಎರೆ ಮಣ್ಣು, ಕೆಡವಿದ ಮನೆಗಳ ಕಲ್ಲುಮಣ್ಣು ಸುರಿದು ಮುಚ್ಚಿದ್ದಾರೆ. ಅಲ್ಲಿ 7 ಮೀಟರ್‌ವರೆಗೆ ಎನ್ ವ್ಯಾಲ್ಯೂ (ಮಣ್ಣಿನೊಳಗೆ ಕೊಳವೆ ಇಳಿಸಲು ಬೇಕಾಗುವ ಸುತ್ತಿಗೆ ಪೆಟ್ಟಿನ ಎಣಿಕೆ; ಹೆಚ್ಚಿದಷ್ಟೂ ನೆಲ ಗಟ್ಟಿ) 8ರ ಆಸುಪಾಸು, ಆಮೇಲೆ ಬಂಡೆ. ಹೀಗಾಗಿ ಪೂರ್ವಕ್ಕೆ ಫೂಟಿಂಗ್ (ಕಂಬದಡಿಯ ಅಗಲ ಪಾಯ), ಪಶ್ಚಿಮಕ್ಕೆ ಪೈಲ್ (ಆಳಕ್ಕೆ ಇಳಿಸುವ ಕಂಬದಂಥ ಪಾಯ).

"ಪೈಲ್ ಹೆಂಗೂ ಬಂಡಿಗೆ ಮುಟ್ಟತಾವಲ್ರಿ ಸರ, ಇಡೀ ಬಿಲ್ಡಿಂಗಿಗೆ ಟೈಪ್ ಒನ್ ಹಾಕಿದ್ರ ಆತು" ಅಂದ ನಮ್ಮ ಆಫೀಸಿನ ಹುಡುಗ.

ಆಗೋದಿಲ್ಲ. ಸೈಟ್ ಕ್ಲಾಸ್ ನೆಲಕ್ಕೆ ಸೇರಿದ್ದು, ಪಾಯಕ್ಕಲ್ಲ. ಪೈಲ್ ಭಾರವನ್ನು ಬಂಡೆಗೆ ಇಳಿಸುತ್ತದೆ, ಖರೆ. ಆದರೆ ಕಂಪನ ಬಂಡೆಯಿಂದ ಮೇಲೇರುವಾಗ ಆ ಸಡಿಲ ಮಣ್ಣಿನಲ್ಲೇ ಹೆಚ್ಚಾಗುತ್ತದೆ; ಮಣ್ಣು ಹೊಯ್ದಾಡಿದರೆ ಪೈಲೂ ಜೊತೆಗೆ ಬಾಗುತ್ತದೆ. ಭೂಕಂಪ ತಾಳುವ ವಿನ್ಯಾಸದ ನಮ್ಮ ದೇಶದ ಕೋಡ್ ಐಎಸ್ 1893ರ 2016ರ ಆವೃತ್ತಿ ಕೇಳುವುದು ನೆಲಮಟ್ಟದಿಂದ 30 ಮೀಟರ್ ಆಳದವರೆಗಿನ ಎನ್ ಸರಾಸರಿ. 30 ದಾಟಿದರೆ ಟೈಪ್ 1, 10ರಿಂದ 30 ಟೈಪ್ 2, 10ಕ್ಕಿಂತ ಕಡಿಮೆ ಟೈಪ್ 3.

ಆ ಸರಾಸರಿ ಹೇಗೆ ತೆಗೆಯುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಬಂಡೆಗೆ 100 ಹಿಡಿದು ಪದರದ ದಪ್ಪದಿಂದ ಗುಣಿಸುತ್ತ ಹೋದರೆ 78 ಚಿಲ್ಲರೆ ಬರುತ್ತದೆ, ಮೆತ್ತನೆಯ ಪದರ ಮಾಯ! ಅಮೆರಿಕದ ಕಟ್ಟಡ ಕೋಡ್ ಎಎಸ್‌ಸಿಇ 7ರ 2016ರ ಆವೃತ್ತಿ ದಪ್ಪವನ್ನು ಎನ್‌ನಿಂದ ಭಾಗಿಸಿ ಕೂಡಿಸುತ್ತದೆ, ಆ ಮೊತ್ತದಿಂದ 30ನ್ನು ಭಾಗಿಸುತ್ತದೆ. ಆಗ 27, ಅಂದರೆ ಟೈಪ್ 2. ನನಗೆ ಇದೇ ಸರಿ ಅನಿಸುತ್ತದೆ.

ಮಜಾ ಏನೆಂದರೆ, ಈ ಕಟ್ಟಡದ ಮಟ್ಟಿಗೆ ಇಷ್ಟೆಲ್ಲ ಜಗ್ಗಾಟದಿಂದ ಒಂದು ಅಂಕಿಯೂ ಬದಲಾಗುವುದಿಲ್ಲ. 13 ಮೀಟರ್ ಎತ್ತರ, 16 ಮೀಟರ್ ಉದ್ದ, ಎಲ್ಲ ಮಹಡಿಗೂ ಇಟ್ಟಿಗೆ ಗೋಡೆ: ಕೋಡಿನ ಸೂತ್ರದಂತೆ ತೂಗಾಟದ ಅವಧಿ ಸುಮಾರು 0.29 ಸೆಕೆಂಡ್. 0.40ರ ಒಳಗಿದ್ದರೆ ಮೂರೂ ಟೈಪಿಗೆ ಭೂಕಂಪದ ಬಲ ಲೆಕ್ಕಹಾಕುವ ಗುಣಾಂಕ ಅದೇ 2.5.

ನನ್ನ ತಲೆ ತಿನ್ನುತ್ತಿರುವುದು ಬೇರೆ. ಬಂಡೆಗೆ ಕಚ್ಚಿದ ಪೂರ್ವದ ಕಂಬಗಳು ಜಗ್ಗುವುದಿಲ್ಲ, ಪಶ್ಚಿಮದವು ಜಗ್ಗುತ್ತವೆ. ಅಡ್ಡ ಬಲವೆಲ್ಲ ಗಟ್ಟಿ ಬದಿಗೆ ಹರಿದು ಕಟ್ಟಡ ತಿರುಚಿಕೊಳ್ಳುತ್ತದೆ. ಸೈಟ್ ಕ್ಲಾಸ್ ಎಷ್ಟೇ ಬಿಗಿಯಾಗಿ ಹಿಡಿದರೂ ಈ ತಿರುಚು ಹೋಗುವುದಿಲ್ಲ. ಕಟ್ಟಡದಡಿ ಒಂದೇ ಥರದ ನೆಲ ಇರಲಿ, ಇಲ್ಲದಿದ್ದರೆ ಬೇರ್ಪಡಿಸಿ ಅನ್ನುತ್ತದೆ ಭೂಕಂಪ ತಾಳುವ ಕಟ್ಟೋಣದ ಇನ್ನೊಂದು ಕೋಡ್ ಐಎಸ್ 4326. ಹಾಗಾಗಿ ಖಣಿಯ ಅಂಚಿನ ಗುಂಟ ಕಟ್ಟಡವನ್ನೇ ಎರಡು ಮಾಡಿ ನಡುವೆ ಜಾಯಿಂಟ್, ಅಂದರೆ ಖಾಲಿ ಸಂದಿ, ಕೊಟ್ಟೆ. ಪೂರ್ವದ ತುಂಡಿಗೆ ಟೈಪ್ 1, ಪಶ್ಚಿಮದ್ದಕ್ಕೆ ಟೈಪ್ 2.

ಮಾಲೀಕರಿಗೆ ಸಂದಿಯ ಎರಡೂ ಬದಿಗೆ ಬಂದ ಜೋಡಿ ಕಂಬ ನೋಡಿ ಸಿಟ್ಟು. "ಗೋಳಗುಮ್ಮಟಕ್ಕ ಯಾವ ಜಾಯಿಂಟ್ ಐತ್ರಿ?" ಅದು ಪೂರಾ ಬಂಡಿ ಮ್ಯಾಲೇ ಕುಂತೈತ್ರಿ, ಅಂದೆ. ಇಲ್ಲಿ ಎಲ್ಲಿಯ ಭೂಕಂಪ ಅಂತಲೂ ಕೇಳಿದರು. 2016ರ ಕೋಡಿನ ಭೂಕಂಪ ನಕ್ಷೆಯಲ್ಲಿ ವಿಜಯಪುರ ಇರುವುದು ಮೂರನೇ ವಲಯದಲ್ಲಿ; 1993ರಲ್ಲಿ ಭೂಕಂಪಕ್ಕೆ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಆಗಿನ ನಕ್ಷೆಯ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಕೊನೆಗೆ ಜಾಯಿಂಟನ್ನು ಜಿನೆಯ ಪಕ್ಕಕ್ಕೆ ಸರಿಸಿ ಒಂದು ಕೋಣೆ ಉಳಿಸಿಕೊಟ್ಟೆ, ಖಣಿಯ ಅಂಚು ಅಲ್ಲೇ ತಿರುಗುವುದರಿಂದ ಸಾಧ್ಯವಾಯಿತು. ಇನ್ನು ಗೌಂಡಿಗಳಿಗೆ ಹೇಳುವುದೊಂದು ಬಾಕಿ: ಪ್ಲಾಸ್ಟರ್ ಮಾಡುವಾಗ ಆ ಸಂದಿಗೆ ಸಿಮೆಂಟ್ ತುಂಬಬಾರದು.